ಇನ್ನೂರು ಅಡಿ ಬೇಲಿ: ತುಮಕೂರು ಕಡೆಯ ಒಂದು ಪ್ರಕರಣ

ರಸ್ತೆಗಾಗಿ ಕೀಳಲು ಹೊರಟ ಒಂದು ಹಳೆಯ ಗಿಡಗಳ ಬೇಲಿಯ ಕಥೆ ಇದು. ಮೊದಲೇ ಒಂದು ಮಾತು. ಇಲ್ಲಿ ಊರಿನ ಹೆಸರಿಲ್ಲ, ಮನೆಯವರ ಹೆಸರಿಲ್ಲ, ಪಂಚಾಯಿತಿ ಹೆಸರೂ ಇಲ್ಲ. ಜನರ ಮರ್ಯಾದೆ ಒಂದು ಕಾರಣ. ಇನ್ನೊಂದು ಕಾರಣ ಆ ಬೇಲಿಯಲ್ಲಿರುವ ಕಾಡುಪಾಪ, ರಾತ್ರಿ ಹೊತ್ತು ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ಅದು ಇಂಥ ಕಡೆ ಇದೆ ಅಂತ ಗೊತ್ತಾದರೆ ಮಾಟ, ಮಂತ್ರ ಅಂತ ಹಿಡಿಯಲು ಬರುವವರು ಇವತ್ತಿಗೂ ಇದ್ದಾರೆ. ಹಾಗಾಗಿ ಕೆಲವು ಗುರುತುಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ತುಮಕೂರು ತಾಲೂಕಿನ ನಾಗವಲ್ಲಿಯಲ್ಲಿ ಕಾಡುಪಾಪಗಳಿರುವುದು ಬಹಳ ಜನಕ್ಕೆ ಗೊತ್ತು. ಇದು ಆ ಊರಲ್ಲ. ಮನೆಯ ತಾರಸಿ ಮೇಲೆ ನಿಂತರೆ ದೇವರಾಯನದುರ್ಗದ ಬೆಟ್ಟ ಕಾಣುತ್ತದೆ, ಅಷ್ಟು ಸಾಕು.

ನಾನು ಶಾಲೆ ಮಕ್ಕಳಿಗೆ ಹಕ್ಕಿ, ಚಿಟ್ಟೆ ತೋರಿಸಿಕೊಂಡು ಓಡಾಡುವವನು. ಈ ಪ್ರಕರಣಕ್ಕೆ ನಡುವೆ ಬಂದೆ. ಬಂದವನು ಒಂದು ಕೆಟ್ಟ ಸಲಹೆಯನ್ನೂ ಕೊಟ್ಟೆ. ಅದನ್ನೂ ಬರೆಯುತ್ತೇನೆ.

ಮನೆ, ತೋಟ, ಬೇಲಿ

ಮನೆಯಲ್ಲಿ ನಾಲ್ಕು ಜನ. ಅತ್ತೆ, ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಮಗನಿಗೆ ತುಮಕೂರಿನಲ್ಲಿ ಕೆಲಸ. ಬೆಳಗ್ಗೆ ಬೈಕಿನಲ್ಲಿ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ತೋಟ ಅತ್ತೆ, ಸೊಸೆಯರದ್ದೇ. ಎರಡು ಎಕರೆ. ತೆಂಗು, ನಡುವೆ ಅಡಿಕೆ, ಒಂದು ಬೋರ್‌ವೆಲ್, ಎರಡು ಸೀಮೆಹಸು.

ತೋಟದ ಪಡುವಣಕ್ಕೆ ಒಂದು ಬಂಡಿ ದಾರಿ. ದಾರಿಯ ಎರಡೂ ಬದಿಗೆ ಬೇಲಿ. ಬೇಲಿ ಅಂದರೆ ಈಗಿನ ಕಲ್ಲುಕಂಬ, ಮುಳ್ಳುತಂತಿ ಅಲ್ಲ. ಕಳ್ಳಿ, ಕಾರೆ, ಬಂದರಿಕೆ, ತಂಗಡಿ, ಲಂಟಾನ. ಅದರ ಮೇಲೆ ಹಬ್ಬಿಕೊಂಡ ಮಂಗರವಳ್ಳಿ, ಗುಲಗಂಜಿ, ಕಾಡುತೊಂಡೆ. ನಡುನಡುವೆ ಹೊಂಗೆ, ಬೇವು, ಜಾಲಿ. ಪಡುವಣ ಬದಿಯಲ್ಲಿ ಒಂದು ಹಳೆಯ ಹುಣಸೆ. "ನಮ್ಮಾವ್ನೋರ ಅಪ್ಪ ಕಳ್ಳಿ ನೆಟ್ರಂತೆ. ಮಿಕ್ಕಿದ್ದೆಲ್ಲಾ ಹಕ್ಕಿಗಳು ನೆಟ್ಟಿದ್ದು" ಅನ್ನುತ್ತಾರೆ ಅತ್ತೆ.

ಆ ಬೇಲಿಯಲ್ಲಿ ಏನೇನಿದೆ ಅನ್ನುವ ಲೆಕ್ಕ ಸೊಸೆಯ ಹತ್ತಿರ ಇದೆ. ಡೈರಿ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ. ಮುಂದಿನ ಪುಟದಲ್ಲಿ ಲೀಟರು, ಹಿಂದಿನ ಪುಟದಲ್ಲಿ ಪ್ರಾಣಿ. "ಕೆಂಬೂತ ಬಿಸಿಲು ಕಾಯ್ತಿತ್ತು." "ಮುಂಗುಸಿ, ಎರಡು ಮರಿ." "ಕೇರೆ ಹಾವು ಗೊಬ್ಬರದ ಗುಂಡಿ ಕಡೆ ಹೋಯ್ತು, ಅತ್ತೆಗೆ ಹೇಳಿಲ್ಲ." ಟುವ್ವಿ, ಹರಟೆಮಲ್ಲ, ಹಾವುರಾಣಿ, ಹಾಲಕ್ಕಿ, ಒಂದು ಸಲ ಪುನುಗು ಬೆಕ್ಕು. ಇದನ್ನೆಲ್ಲ ಯಾರಿಗೂ ತೋರಿಸಬೇಕು ಅಂತ ಬರೆದದ್ದಲ್ಲ. ಮುಂದೆ ಇದೇ ಪುಸ್ತಕ ಕೆಲಸಕ್ಕೆ ಬಂತು.

ಕಾಡುಪಾಪ ಮೊದಲು ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ರಾತ್ರಿ ಬೇಲಿ ಕಡೆಯಿಂದ ಸಣ್ಣ ಸಿಳ್ಳೆ. ಯಾರೋ ಪಡ್ಡೆ ಹುಡುಗರು ಅಂದುಕೊಂಡು ಮಗ ದೊಣ್ಣೆ ಹಿಡಿದು ಹೋಗಿದ್ದರಂತೆ. ಟಾರ್ಚ್ ಬಿಟ್ಟರೆ ಹೊಂಗೆಯ ಕೊಂಬೆಯಲ್ಲಿ ಕೆಂಡದ ಹಾಗೆ ಎರಡು ಕಣ್ಣು. ಕಾಲು ಕೆಜಿ ಆಸುಪಾಸಿನ ಪ್ರಾಣಿ. ಕೋಲಿನಂಥ ಕೈಕಾಲು, ಬಾಲವೇ ಇಲ್ಲ. ಹುಳ, ಹುಪ್ಪಟೆ, ಇರುವೆ ಅದರ ಊಟ. ಹಗಲು ಪೊದೆಯೊಳಗೆ ಮುದುಡಿಕೊಂಡು ಮಲಗುತ್ತದೆ.

ಈ ಪ್ರಕರಣ ಅರ್ಥವಾಗಲು ಅದರ ಒಂದೇ ಒಂದು ಗುಣ ಗೊತ್ತಿದ್ದರೆ ಸಾಕು. ಕಾಡುಪಾಪ ಕೋತಿಯ ಹಾಗೆ ನೆಗೆಯುವುದಿಲ್ಲ. ಒಂದು ಕೊಂಬೆ ಹಿಡಿದು, ಇನ್ನೊಂದು ಕೈಗೆ ಸಿಕ್ಕ ಮೇಲೆ ಮೊದಲನೆಯದನ್ನು ಬಿಡುತ್ತದೆ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ. ಇಲ್ಲದಿದ್ದರೆ ನೆಲಕ್ಕೆ ಇಳಿಯಬೇಕು. ನೆಲದ ಮೇಲೆ ನಾಯಿ ಇದೆ, ಬೈಕ್ ಇದೆ.

2022ರ ಮಳೆ

ಆ ವರ್ಷದ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಕೆರೆಗಳು ಕೋಡಿ ಬಿದ್ದವು. ಬಂಡಿ ದಾರಿ ಕೆಸರಿನ ಹೊಂಡ ಆಯಿತು. ದಾರಿಯ ಆಚೆ ತುದಿಗೆ ಒಂಬತ್ತು ಮನೆಗಳಿವೆ. ಹಾಲಿನ ಕ್ಯಾನು ತಲೆ ಮೇಲೆ ಹೊತ್ತು ತಂದರು. ಒಬ್ಬ ತುಂಬು ಬಸುರಿಯನ್ನು ಮಂಚದ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತು, ಆಂಬ್ಯುಲೆನ್ಸ್ ನಿಂತಿದ್ದ ಡಾಂಬರು ರಸ್ತೆಗೆ ತಂದರು. ಅದರಲ್ಲಿ ಒಂದು ಹೆಗಲು ಈ ಮನೆಯ ಮಗನದ್ದೇ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಇಂಥ ಕಥೆಗಳಲ್ಲಿ ರಸ್ತೆ ಕೇಳುವವರು ಖಳನಾಯಕರಾಗಿಬಿಡುತ್ತಾರೆ. ಇಲ್ಲಿ ಹಾಗಿರಲಿಲ್ಲ. ನವೆಂಬರಿನ ಗ್ರಾಮಸಭೆಯಲ್ಲಿ ಸಿಸಿ ರಸ್ತೆಗೆ ಎಲ್ಲರೂ ಕೈ ಎತ್ತಿದರು. ಅತ್ತೆಯೂ ಎತ್ತಿದರು. 12 ಅಡಿ ಕಾಂಕ್ರೀಟು, ಎರಡು ಬದಿಗೆ ಎರಡೆರಡು ಅಡಿ ಅಂಚು, ಒಟ್ಟು 16 ಅಡಿ. ಬೇಲಿಯ ವಿಷಯ ಸಭೆಯಲ್ಲಿ ಬರಲೇ ಇಲ್ಲ. ಯಾರೂ ಮುಚ್ಚಿಡಲಿಲ್ಲ, ಯಾರಿಗೂ ಹೊಳೆಯಲಿಲ್ಲ. ಮೊದಲ ತಪ್ಪಿದ ಹೆಜ್ಜೆ ಅಲ್ಲೇ.

ಸಂಕ್ರಾಂತಿ ಕಳೆದ ಮೇಲೆ ಜೆಸಿಬಿ ಬಂತು. ಈಗಿರುವ ದಾರಿಯ ಮಧ್ಯಕ್ಕೆ ಸುಣ್ಣದ ಗೆರೆ ಎಳೆದು, ಎಡಕ್ಕೆ ಎಂಟು, ಬಲಕ್ಕೆ ಎಂಟು ಅಡಿ ಅಂತ ಗುರುತು ಹಾಕಿದ್ದರು. ಎರಡೂ ಬೇಲಿ ಹೋಗಬೇಕಿತ್ತು. ಆಚೆ ತುದಿಯ ನಲವತ್ತು ಅಡಿ ಅರ್ಧ ಗಂಟೆಯಲ್ಲಿ ಹೋಯಿತು. ಸೊಸೆ ಓಡಿ ಹೋಗಿ ಅಡ್ಡ ನಿಂತರು. ವಾರ್ಡಿನ ಸದಸ್ಯರು ಕೆಟ್ಟ ಮನುಷ್ಯನೇನಲ್ಲ. "ಅಕ್ಕಾ, ಮರ ಕಡೀತಿಲ್ಲ ನಾವು. ಇದು ಪೊದೆ. ಹಾವು ಸೇರ್ಕೊಳ್ಳೋ ಜಾಗ. ಮಕ್ಕಳು ಓಡಾಡ್ತವೆ" ಅಂದರು.

ಅವರು ಹೇಳಿದ್ದರಲ್ಲಿ ಕಾನೂನಿನ ಪ್ರಕಾರ ಸುಳ್ಳಿರಲಿಲ್ಲ. ಬಹುತೇಕ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಾಡುಪಾಪವನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿಯ ಜೊತೆಗೆ. ಆದರೆ ಅದು ಮಲಗುವ ಪೊದೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹುಲಿಯ ಸಾಲಿನಲ್ಲಿ ಕೂತ ಪ್ರಾಣಿಯ ಮನೆಯನ್ನು ಅರ್ಧ ಗಂಟೆಯಲ್ಲಿ ಕೀಳಬಹುದು, ಒಂದು ಅರ್ಜಿಯೂ ಬೇಡ.

ನನ್ನ ಸಲಹೆ

ಸೊಸೆ ನನಗೆ ಫೋನ್ ಮಾಡಿದರು. ಮಗಳ ಶಾಲೆಯಲ್ಲಿ ನಾನು ಹಕ್ಕಿ ತೋರಿಸಲು ಹೋಗಿದ್ದ ಪರಿಚಯ. ನಾನು ಹಿಂದೆಮುಂದೆ ನೋಡದೆ ಹೇಳಿದೆ: ಅರಣ್ಯ ಇಲಾಖೆಗೆ ತಿಳಿಸಿ, ಕಾಡುಪಾಪ ಇದೆ ಅಂತ ಹೇಳಿ.

ಜೀಪು ಬಂತು. ಬಂದವರು ಒಳ್ಳೆಯ ಮಾತಾಡಿದರು, ಕಾಫಿ ಕುಡಿದರು, ಬೇಲಿ ನೋಡಿದರು. "ಪ್ರಾಣಿ ಹಿಡಿದ್ರೆ ಕೇಸ್ ಹಾಕ್ತೀವಮ್ಮ. ಇದು ಅರಣ್ಯ ಭೂಮಿ ಅಲ್ಲ. ಬೇಲಿ ಕಿತ್ರೆ ನಾವೇನ್ ಮಾಡಣ?" ಅಂದು ಹೊರಟರು. ಆದರೆ ಜೀಪು ಮನೆ ಮುಂದೆ ಒಂದು ಗಂಟೆ ನಿಂತದ್ದನ್ನು ಊರು ನೋಡಿತ್ತು. ಸಂಜೆಯ ಹೊತ್ತಿಗೆ ಡೈರಿ ಹತ್ತಿರ ಸುದ್ದಿ: ಆ ದಾರಿಯ ಆಸುಪಾಸಿನ ಜಮೀನೆಲ್ಲಾ ಫಾರೆಸ್ಟ್‌ಗೆ ಹೋಗ್ತದಂತೆ, ಇನ್ನು ಕುರಿ ಮೇಯಿಸೋ ಹಾಗಿಲ್ಲವಂತೆ.

ನಾಲ್ಕು ದಿನ ಬಿಟ್ಟು ಒಂದು ರಾತ್ರಿ ಪಡುವಣ ಬದಿಯ ಬೇಲಿಗೆ ಬೆಂಕಿ ಬಿತ್ತು. ಫೆಬ್ರವರಿಯ ಒಣ ಲಂಟಾನ. ಮೂವತ್ತು ಅಡಿ ಉರಿಯಿತು. ಯಾರು ಹಚ್ಚಿದರು ಅಂತ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲು ಮನೆಯವರೂ ಹೋಗಲಿಲ್ಲ. ಆ ತಿಂಗಳು ಪಕ್ಕದ ಒಂದು ಗೃಹಪ್ರವೇಶಕ್ಕೆ ಇವರನ್ನು ಕರೆಯಲಿಲ್ಲ. ಅತ್ತೆಗೆ ಬೆಂಕಿಗಿಂತ ಅದೇ ಜಾಸ್ತಿ ನೋವಾಯಿತು. ಪ್ರಾಣಿಯ ಹೆಸರು ಮುಂದಿಟ್ಟರೆ ಜನ ಕರಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಜಮೀನು ಕಳೆದುಕೊಳ್ಳುವ ಭಯ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ, ಅದಕ್ಕಿರಬೇಕು.

ಬಿಟ್ಟ ಅಸ್ತ್ರ

ಇಲ್ಲಿ ಮನೆಯವರು ತೆಗೆದುಕೊಂಡ ಒಂದು ತೀರ್ಮಾನ ಹೇಳಲೇಬೇಕು. ರಸ್ತೆ ಕೆಲಸ ನರೇಗಾದಲ್ಲಿತ್ತು. ನರೇಗಾದಲ್ಲಿ ಗುತ್ತಿಗೆದಾರರಿಗೂ, ಕೂಲಿ ಕಸಿಯುವ ಯಂತ್ರಕ್ಕೂ ಜಾಗವಿರಲಿಲ್ಲ. ಜೆಸಿಬಿಯ ಫೋಟೋ ಸೊಸೆಯ ಮೊಬೈಲಿನಲ್ಲಿತ್ತು. ಅದನ್ನು ಜಿಲ್ಲಾ ಪಂಚಾಯಿತಿಗೆ ಕಳಿಸಿದ್ದರೆ ಕೆಲಸ ನಿಲ್ಲುತ್ತಿತ್ತೋ ಏನೋ. ನಾನು ಕಳಿಸಿ ಅಂದೆ. ಮಗ ಬೇಡ ಅಂದರು. ಆ ಕೆಲಸದ ಜಾಬ್ ಕಾರ್ಡ್ ಪಟ್ಟಿಯಲ್ಲಿ ಆಚೆಯ ಒಂಬತ್ತು ಮನೆಯವರ ಹೆಸರಿತ್ತು. ರಸ್ತೆಯೂ ನಿಂತು, ಕೂಲಿಯೂ ನಿಂತರೆ ಆ ಬೇಲಿಯ ಪಕ್ಕದಲ್ಲಿ ಬದುಕಬೇಕಾದವರು ನಾವು, ನೀವಲ್ಲ ಅಂದರು. ಎರಡನೇ ಸಲ ನನ್ನ ಬಾಯಿ ಮುಚ್ಚಿತು.

ಅಷ್ಟರಲ್ಲಿ ಅದೃಷ್ಟ ಕೈ ಹಿಡಿಯಿತು. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಅಂತ ಹೇಳಿ ಪಂಚಾಯಿತಿಯವರು ದಾರಿಯ ಕೆಲಸ ಮುಟ್ಟಲಿಲ್ಲ. ಮೇ 10ರ ಮತದಾನ, 13ರ ಎಣಿಕೆ ಮುಗಿಯುವವರೆಗೆ ಜೆಸಿಬಿ ಬರಲಿಲ್ಲ. ಆರು ವಾರ ಸಿಕ್ಕಿತು.

ಅತ್ತೆಯ ಸಹಿ

ಸೊಸೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದ್ದರು. ಕೇಳಿದ್ದು ರಸ್ತೆಯ ಎಸ್ಟಿಮೇಟು, ಜೊತೆಗೆ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇಂಥ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ತಳಿಗಳನ್ನು ಜನರನ್ನೇ ಕೇಳಿ ಒಂದು ದಾಖಲಾತಿಯಲ್ಲಿ ಬರೆದಿಡಬೇಕು. ದೇಶದ ಬಹಳ ಕಡೆ ಇದು ಆಗಿರಲಿಲ್ಲ. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ಕಟ್ಟಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟ ಮೇಲೆ ಓಡೋಡಿ ಮಾಡಿದರು. ಓಡೋಡಿ ಮಾಡಿದ್ದು ಹೇಗಿರುತ್ತದೆ ಅಂತ ಗೊತ್ತಲ್ಲ.

ಒಂದು ತಿಂಗಳ ಮೇಲೆ ಕಾಗದ ಬಂತು. ದಾಖಲಾತಿಯಲ್ಲಿ ಏಲಕ್ಕಿ ಇತ್ತು! ಬಯಲುಸೀಮೆಯ ಈ ಊರಲ್ಲಿ ಏಲಕ್ಕಿ ಪಾಯಸದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮಲೆನಾಡಿನ ಯಾವುದೋ ಊರಿನದನ್ನು ನಕಲು ಮಾಡಿದ್ದರು ಅಂತ ಕಾಣುತ್ತದೆ. ಕಳ್ಳಿ ಇರಲಿಲ್ಲ. ಕಾಡುಪಾಪ ಇರಲಿಲ್ಲ. ಬೇಲಿ ಅನ್ನುವ ಪದವೇ ಇರಲಿಲ್ಲ.

ಸಮಿತಿಯ ಏಳು ಹೆಸರಿನ ಪಟ್ಟಿಯಲ್ಲಿ ಐದನೆಯದು ಅತ್ತೆಯ ಹೆಸರು. ಪಕ್ಕದಲ್ಲಿ ಅವರದ್ದೇ ಸಹಿ.

"ನನ್ ಹೆಸ್ರು ಯಾಕಮ್ಮ ಅಲ್ಲೈತೆ?" ಅಂತ ಅವರು ಮೂರು ಸಲ ಕೇಳಿದರಂತೆ. ನೆನಪು ಮಾಡಿಕೊಂಡರೆ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಯಾರೋ ಒಂದು ಪುಸ್ತಕ ತಂದು ಸಹಿ ಹಾಕಿಸಿಕೊಂಡಿದ್ದರು. ಪಿಂಚಣಿಗೆ ಅಂದುಕೊಂಡಿದ್ದರು. ಹೊಸ ಪಂಚಾಯಿತಿ ಬಂದ ಮೇಲೂ ಅದೇ ಪಟ್ಟಿ ನಡೆದುಕೊಂಡು ಬಂದಿತ್ತು. ಸಭೆ ಒಂದೂ ಆಗಿರಲಿಲ್ಲ.

ಮಾರನೇ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟುಕೊಂಡು ಪಂಚಾಯಿತಿ ಆಫೀಸಿಗೆ ಹೋದರು. ಪಿಡಿಒ ಮುಂದೆ ಕಾಗದ ಇಟ್ಟು ಕೇಳಿದರು: "ಸ್ವಾಮಿ, ನಾನು ಮೆಂಬರ್ ಅಂತೆ. ಮೀಟಿಂಗ್ ಯಾವತ್ತು?"

ನನ್ನ ಪ್ರಕಾರ ಈ ಪ್ರಕರಣ ತಿರುಗಿದ್ದು ಆ ಕ್ಷಣದಲ್ಲಿ. ಜೀಪಿನಿಂದ ಆಗದ್ದು ಇದರಿಂದ ಆಯಿತು. ಹೊರಗಿನವರು ಬಂದು ಕೇಳಿದ್ದಲ್ಲ, ಪಂಚಾಯಿತಿಯ ಕಾಗದವೇ ಪಂಚಾಯಿತಿಯನ್ನು ಕೇಳಿದ್ದು.

ಬಾಂದು ಕಲ್ಲು

ಸಭೆಗೆ ಹೋಗುವ ಮೊದಲು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆಸಿ ಗುರುತು ಮಾಡಿಸಲು, ಅರ್ಜಿ ಹಾಕೋಣ ಅಂದವರು ಮಗ. ದಾರಿಯ ಅಳತೆ ಸುಣ್ಣದ ಗೆರೆಯಲ್ಲಲ್ಲ, ನಕಾಶೆಯಲ್ಲಿರುತ್ತದೆ ಅನ್ನುವುದು ಅವರ ವಾದ. ಸರ್ವೆಯರ್ ಬಂದರು. ಅಕ್ಕಪಕ್ಕದವರಿಗೆಲ್ಲ ನೋಟಿಸು ಹೋಗಿತ್ತು, ಅರ್ಧ ಊರು ನೋಡಲು ನಿಂತಿತ್ತು. ಮಣ್ಣಲ್ಲಿ ಹೂತುಹೋಗಿದ್ದ ಬಾಂದು ಕಲ್ಲು ಹುಡುಕಲು ಅರ್ಧ ದಿನ ಹಿಡಿಯಿತು. ಅಳೆದು ಮುಗಿಸಿದಾಗ ಮೂರು ಸಂಗತಿ ಹೊರಬಂದವು.

ಮೂಡಣ ಬದಿಯ ಬೇಲಿ, ಇನ್ನೂರು ಅಡಿಯೂ, ಈ ಮನೆಯವರ ಸರ್ವೆ ನಂಬರಿನೊಳಗೇ ಇದೆ. ಅದನ್ನು ಮುಟ್ಟಲು ಪಂಚಾಯಿತಿಗೆ ಹಕ್ಕಿಲ್ಲ. ಪಡುವಣ ಬದಿಯದ್ದು ಪೂರ್ತಿ ದಾರಿಯೊಳಗೆ, ಬಿ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗದಲ್ಲಿದೆ. ಅದನ್ನು ಉಳಿಸಿ ಅಂತ ಕೇಳಲು ಇವರಿಗೆ ಹಕ್ಕಿಲ್ಲ. ಮೂರನೆಯದು ಯಾರೂ ಎಣಿಸಿರಲಿಲ್ಲ. ಕೆಳಗಿನ ತುದಿಯ ನೂರು ಅಡಿಯಲ್ಲಿ ಇವರ ಅಡಿಕೆ ಸಾಲೇ ನಾಲ್ಕು ಅಡಿ ದಾರಿಯ ಮೇಲಿತ್ತು. ಹನ್ನೊಂದು ಮರ. ಅಲ್ಲಿಯೂ ಮೊದಲು ಬೇಲಿ ಇತ್ತು. ಒಂಬತ್ತು ವರ್ಷದ ಹಿಂದೆ ಅಡಿಕೆ ಹಾಕುವಾಗ ಮನೆಯವರೇ ಕಿತ್ತಿದ್ದರು. ಈ ಮಾತನ್ನು ಸೊಸೆ ನನಗೆ ಮೊದಲು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜನ ಗುಸುಗುಸು ಶುರು ಮಾಡಿದರು. ಒಬ್ಬರು ನಕ್ಕರು. ಮಗ ಸರ್ವೆಯರ್ ಜೊತೆ ಏನೋ ವಾದ ತೆಗೆದರು. ಅತ್ತೆ ತಡೆದರು. "ಸರ್ಕಾರದ್ದು ಸರ್ಕಾರಕ್ಕೆ ಬಿಡಪ್ಪ. ನಾವೇ ಕಡ್ಸಾಣ, ಇನ್ನೊಬ್ರು ಕೈಲಿ ಯಾಕೆ?" ಅಂದರು. ಕಾಯಿ ಕಚ್ಚುತ್ತಿದ್ದ ಮರಗಳು. ಆ ವಾರವೇ ಕಡಿಸಿದರು.

ಇದಾದ ಮೇಲೆ ಡೈರಿ ಹತ್ತಿರದ ಮಾತಿನ ಧಾಟಿ ಬದಲಾಯಿತು. ಸದಸ್ಯರು ತಾವಾಗಿಯೇ ಮನೆಗೆ ಬಂದರು. "ದೊಡ್ಡಮ್ಮ, ನಿಮ್ ಕಡೆ ಬೇಲಿ ಮುಟ್ಟಲ್ಲ. ಆ ಕಡೇದು ಮಾತ್ರ ಬಿಟ್ಕೊಡಿ" ಅಂದರು. ಪಡುವಣ ಬೇಲಿಯ ಹುಣಸೆಯಲ್ಲೇ ಕಾಡುಪಾಪಗಳು ಜಾಸ್ತಿ ಕಾಣುತ್ತಿದ್ದವು. ಸೊಸೆಗೆ ಅದು ಗೊತ್ತಿತ್ತು. ಸಮಿತಿಯ ಮೊದಲ ಸಭೆಯಲ್ಲಿ ಅತ್ತೆ ಒಪ್ಪಿ ಸಹಿ ಹಾಕಿದರು, ಈ ಸಲ ಓದಿಸಿಕೊಂಡು. ಮರಗಳನ್ನು ಬಿಡಬೇಕು, ಪೊದೆ ತೆಗೆಯಬಹುದು ಅಂತ ಮಾತಾಯಿತು. ಸೊಸೆ ಎರಡು ದಿನ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹುಣಸೆ ಮತ್ತು ಎರಡು ಹೊಂಗೆ ಉಳಿದದ್ದಕ್ಕೆ ಆ ಮಾತಿಗಿಂತ ಇನ್ನೊಂದು ಕಾರಣ ಇದೆ ಅಂತ ನನ್ನ ಅನುಮಾನ. ಕಡಿಯಲು ಅನುಮತಿ ಬರುವವರೆಗೆ ಕಾಯಬೇಕಿತ್ತು. ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾಂಕ್ರೀಟು ಹುಣಸೆಯ ಹತ್ತಿರ ಒಂದೂವರೆ ಅಡಿ ಪಕ್ಕಕ್ಕೆ ಬಾಗಿದೆ.

ಜೂನ್ 5

ಪಡುವಣ ಪೊದೆ ಕಿತ್ತು ಹತ್ತು ದಿನವೂ ಆಗಿರಲಿಲ್ಲ. ವಿಶ್ವ ಪರಿಸರ ದಿನ ಬಂತು. ಕಿತ್ತ ಜಾಗದಲ್ಲೇ ನಲವತ್ತು ಗುಂಡಿ ತೋಡಿದರು. ತಾಲೂಕಿನಿಂದ ದೊಡ್ಡವರು ಬಂದರು, ಶಾಮಿಯಾನ, ಮೈಕು. ನರ್ಸರಿಯಿಂದ ಹೊಂಗೆ, ಬೇವಿನ ಸಸಿ. ಸಮಿತಿ ಸದಸ್ಯೆ ಅಂತ ಅತ್ತೆಯ ಕೈಗೂ ಒಂದು ಸಸಿ ಕೊಟ್ಟು ಫೋಟೋ ತೆಗೆದರು. ಮೈಕಿನಲ್ಲಿ ಮಾತಾಡಿದವರು ಹಸಿರೇ ಉಸಿರು ಅಂದರು. ನಾನು ಹಿಂದೆ ನಿಂತಿದ್ದೆ. ಕಾಲ ಕೆಳಗೆ ಇನ್ನೂ ಹಸಿಯಾಗಿದ್ದ ಕಾರೆ ಬೇರು.

ಆ ವರ್ಷ ಮಳೆ ಕೈ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಸರ್ಕಾರ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಸಸಿಗೆ ನೀರು ಹಾಕುವುದು ಯಾರ ಕೆಲಸ ಅಂತ ಯಾವ ಕಾಗದದಲ್ಲೂ ಇರಲಿಲ್ಲ. ನಲವತ್ತರಲ್ಲಿ ಮೂರು ಉಳಿದವು. ಮೂರಕ್ಕೂ ನೀರು ಹಾಕಿದ್ದು ಮೊಮ್ಮಗಳು. ಕಿತ್ತ ಬೇಲಿಗೆ ನೂರು ವರ್ಷದಲ್ಲಿ ಯಾರೂ ಒಂದು ಬಿಂದಿಗೆ ನೀರು ಹಾಕಿರಲಿಲ್ಲ. ಮರುವರ್ಷ ಜೂನ್ 5ಕ್ಕೆ ಅದೇ ಗುಂಡಿಗಳಿಗೆ ಹೊಸ ಸಸಿ ಬಂದವು. ಗುಂಡಿ ತೋಡುವ ಖರ್ಚು ಉಳಿಯಿತು ಅಂತ ಮಗ ನಕ್ಕರು.

ಹಗ್ಗ

ರಸ್ತೆ ಜುಲೈಗೆ ಮುಗಿಯಿತು. ಆಂಬ್ಯುಲೆನ್ಸು ಒಳಗೆ ಬರುತ್ತದೆ, ಹಾಲಿನ ಗಾಡಿಯೂ ಬರುತ್ತದೆ. ಹುಣಸೆ ಒಂದು ಕಡೆ, ಉಳಿದ ಬೇಲಿ ಇನ್ನೊಂದು ಕಡೆ. ಮೊದಲು ದಾರಿಯ ಮೇಲೆ ಕೊಂಬೆಗಳು ಕೈ ಕೈ ಹಿಡಿದುಕೊಂಡಿದ್ದವು. ಈಗ ಬರೀ ಆಕಾಶ.

ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಆ ವಿಷಯ ಹೇಳಿದೆ. ಮನೆಯಲ್ಲಿ ತೆಂಗಿನ ನಾರಿನ ಹಗ್ಗಕ್ಕೇನು ಬರ? 2024ರ ಜನವರಿಯಲ್ಲಿ ಎರಡು ಹಗ್ಗ ಜೋಡಿಸಿ, ನಡುವೆ ಬಿದಿರಿನ ಕಡ್ಡಿ ಕಟ್ಟಿ, ಹುಣಸೆಯಿಂದ ಈಚೆಯ ಹೊಂಗೆಗೆ ಬಿಗಿದರು. ಹದಿನೈದು ದಿನಕ್ಕೆ ಒಂದು ರಾಗಿ ಹುಲ್ಲಿನ ಟ್ರ್ಯಾಕ್ಟರ್ ಅದನ್ನು ಎಳೆದುಕೊಂಡು ಹೋಯಿತು. ಎರಡನೇ ಸಲ ಇಪ್ಪತ್ತು ಅಡಿ ಎತ್ತರಕ್ಕೆ ಕಟ್ಟಿದರು. ಮರ ಹತ್ತಿದವನು ಆಚೆ ಮನೆಯ ಹುಡುಗ, ಗೃಹಪ್ರವೇಶಕ್ಕೆ ಕರೆಯದ ಮನೆಯವನು.

ಹಾಲಿನ ಪುಸ್ತಕದ ಹಿಂದಿನ ಪುಟಗಳ ಪ್ರಕಾರ, 2022ರ ನವೆಂಬರಿನಲ್ಲಿ ಒಂದೇ ರಾತ್ರಿ ಎರಡೂ ಬದಿ ಸೇರಿ ಆರು ಕಾಡುಪಾಪ ಕಂಡಿದ್ದವು. ರಸ್ತೆ ಆದ ಮೇಲೆ ಯಾವತ್ತೂ ಮೂರಕ್ಕಿಂತ ಜಾಸ್ತಿ ಇಲ್ಲ. ಹೆಚ್ಚಾಗಿ ಈಚೆ ಬದಿಯಲ್ಲೇ. 2024ರ ಅಕ್ಟೋಬರಿನಲ್ಲಿ ಹಗ್ಗದ ಮಧ್ಯದಲ್ಲಿ ಒಂದು ನಿಂತಿತ್ತು ಅಂತ ಮೊಮ್ಮಗಳು ತಾರಸಿಯಿಂದ ನೋಡಿ ಬರೆದಿದ್ದಾಳೆ. ದೊಡ್ಡವರು ಮೇಲೆ ಬರುವಷ್ಟರಲ್ಲಿ ಇರಲಿಲ್ಲ. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವಳು ತೆಗೆದುಕೊಂಡಿದ್ದಾಳೆ.

ಇದೇ ಪೇಚಿನಲ್ಲಿ ಸಿಕ್ಕವರಿಗೆ

ಇಂಥದ್ದೇ ಫೋನು ನನಗೆ ಈಗಲೂ ಬರುತ್ತದೆ. ಈಗ ಮೊದಲು ಕೇಳುವುದು ನಕಾಶೆ. ಬೇಲಿ ಯಾರ ಜಾಗದಲ್ಲಿದೆ ಅಂತ ಗೊತ್ತಾಗದೆ ಜಗಳಕ್ಕೆ ಹೋಗಬೇಡಿ ಅನ್ನುತ್ತೇನೆ. ಅಳತೆ ನಿಮ್ಮ ವಿರುದ್ಧವೂ ಬರಬಹುದು, ಅದಕ್ಕೂ ತಯಾರಿರಿ. ಹಾಗೆ ಬಂದಾಗ ಏನು ಮಾಡುತ್ತೀರಿ ಅಂತ ಊರು ನೋಡುತ್ತಿರುತ್ತದೆ. ಪ್ರಾಣಿಯ ಹೆಸರನ್ನು ಮೊದಲ ದಿನವೇ ಎತ್ತಬೇಡಿ. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಪಟ್ಟಿ ತರಿಸಿಕೊಳ್ಳಿ. ನಿಮ್ಮ ಮನೆಯವರದ್ದೇ ಹೆಸರಿದ್ದರೂ ಇರಬಹುದು. ಗ್ರಾಮಸಭೆಯಲ್ಲಿ ರಸ್ತೆಗೆ ಕೈ ಎತ್ತುವಾಗ ಅಗಲ ಎಷ್ಟು, ಯಾವ ಬದಿಗೆ ಅಂತ ಅಲ್ಲೇ ಕೇಳಿ. ನವೆಂಬರಿನಲ್ಲಿ ಆ ಒಂದು ಪ್ರಶ್ನೆ ಬಂದಿದ್ದರೆ ಪಡುವಣ ಬೇಲಿಯಲ್ಲೂ ಅರ್ಧ ಉಳಿಯುತ್ತಿತ್ತು ಅನ್ನುವುದು ಸೊಸೆಯ ಲೆಕ್ಕ. 12 ಅಡಿ ಬದಲು 10 ಅಡಿ ಕಾಂಕ್ರೀಟು ಸಾಕಿತ್ತು ಅನ್ನುತ್ತಾರೆ. ಸದಸ್ಯರು ಒಪ್ಪುವುದಿಲ್ಲ. ಟ್ರ್ಯಾಕ್ಟರು ಎದುರಾದರೆ ಏನು ಮಾಡೋದು ಅನ್ನುತ್ತಾರೆ. ಇಬ್ಬರದ್ದೂ ಸರಿ ಅಂತ ನನಗೆ ಕಾಣುತ್ತದೆ.

2025ರ ಶುರುವಿನಲ್ಲಿ ಸಮಿತಿಯ ಮೂರನೇ ಸಭೆ ಆಯಿತು. ದಾಖಲಾತಿ ತಿದ್ದುವ ಸಭೆ. ಏಲಕ್ಕಿ ಹೊಡೆದು ಹಾಕಿದರು. ಕಳ್ಳಿ, ಕಾರೆ, ಬಂದರಿಕೆ ಸೇರಿಸಿದರು. ಸೊಸೆಯ ಪುಸ್ತಕ ನೋಡಿಕೊಂಡು ಪ್ರಾಣಿಗಳ ಪಟ್ಟಿ ಬರೆದರು. ಕಾಡುಪಾಪ ಬರೆಯುವಾಗ ಜಾಗದ ಹೆಸರು ಬೇಡ ಅಂತ ಎಲ್ಲರೂ ಒಪ್ಪಿದರು. ಆಮೇಲೆ ಅತ್ತೆ, "ಬೇಲಿ ಅಂತಾನೂ ಬರ್ಕೊಳಿ" ಅಂದರು. ಬರೆಯುತ್ತಿದ್ದ ಹುಡುಗ ಪುಟ ತಿರುಗಿಸಿದ. ಕೆರೆಗೆ ಒಂದು ಕಲಂ ಇತ್ತು, ಗೋಮಾಳಕ್ಕೆ ಇತ್ತು, ದೇವರ ಬನಕ್ಕೆ ಇತ್ತು. ಬೇಲಿಗೆ ಇರಲಿಲ್ಲ. "ಎಲ್ಲಿ ಬರೀಲಿ ಅಜ್ಜಿ?" ಅಂದ. ಸ್ವಲ್ಪ ಹೊತ್ತು ಚರ್ಚೆ ಆಗಿ, ಕೊನೆಗೆ 'ಇತರೆ' ಅಂತ ಇದ್ದ ಕಡೆ ಬರೆದುಕೊಂಡ.